ಕಾಲ ಕೂರುವ ಜಾಗ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ಕಡೆಗೆ ಹೋದರೆ ಕೃಷಿ ಕಾಲೇಜು, ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು ಸಿಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಥ ಕಾಲೇಜುಗಳ ಮೆಟ್ಟಿಲು ಹತ್ತುವ ಮಕ್ಕಳಿಗೆ 'ಗೋ, ವೆಂಟ್, ಗಾನ್' ಬಾಯಿಪಾಠವಾಗಿರುತ್ತದೆ. ಆದರೂ ಮಾತಾಡುವಾಗ 'ಡಿಡ್ ಯು ವೆಂಟ್?' ಎಂದು ಬಂದುಬಿಡುತ್ತದೆ. ಇದನ್ನು ದಡ್ಡತನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೆಲಸ ಮಾಡುತ್ತಿರುವುದು ಅವರ ತಲೆಯೊಳಗಿನ ಕನ್ನಡ ವ್ಯಾಕರಣ.

'ಎದ್ದು, ಮುಖ ತೊಳೆದು, ತಿಂಡಿ ತಿಂದು ಹೋದಳು' ಎನ್ನುತ್ತೇವೆ. ಕಾಲ, ಲಿಂಗ, ವಚನ ಎಲ್ಲವನ್ನೂ ಹೊರುವುದು ಕೊನೆಯ 'ಹೋದಳು'. ಅದನ್ನು 'ಹೋಗುತ್ತಾಳೆ' ಮಾಡಿದರೆ ನಿನ್ನೆಯ ಸಂಗತಿ ದಿನಚರಿಯಾಗುತ್ತದೆ, ಹಿಂದಿನ ಮೂರು ಕ್ರಿಯೆಗಳು ಅಲುಗುವುದೇ ಇಲ್ಲ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. 'ಹ್ಯಾಸ್ ಬೀನ್ ವರ್ಕಿಂಗ್' ಎಂಬಲ್ಲಿ ಕಾಲ ಇರುವುದು ಮೊದಲ ಪದದಲ್ಲಿ. 'ಹ್ಯಾಸ್' ಹೋಗಿ 'ಹ್ಯಾಡ್' ಬಂದರೂ ಉಳಿದೆರಡು ಹಾಗೇ ಇರುತ್ತವೆ. 'ಡಿಡ್' ಆಗಲೇ ಭೂತಕಾಲವನ್ನು ಹೊತ್ತಿರುವುದರಿಂದ ಅದರ ನಂತರ ಬರುವುದು ಬರೀ 'ಗೋ'.

ಈ ಒಂದು ಸಂಗತಿ ತಿಳಿದರೆ ರೂಪ ಗುರುತಿಸುವುದು ಹಗುರ. ಕ್ಯಾನ್, ವಿಲ್, ಡಿಡ್ ಆದಮೇಲೆ ವಿ-1, ಅಂದರೆ 'ಗೋ' ರೂಪ. ಹ್ಯಾವ್, ಹ್ಯಾಸ್, ಹ್ಯಾಡ್ ಆದಮೇಲೆ ವಿ-3, ಅಂದರೆ 'ಗಾನ್' ರೂಪ. ಈಸ್, ವಾಸ್ ಆದಮೇಲೆ ಬರುವ ಕ್ರಿಯಾರೂಪ ಸಾಮಾನ್ಯವಾಗಿ 'ಇಂಗ್' ಇಲ್ಲವೇ ವಿ-3. 'ಕಟ್' ಎಂಬುದಕ್ಕೆ ಮೂರೂ ರೂಪ ಒಂದೇ ಆದರೂ 'ಶಿ ಕಟ್ ದ ಕೇಕ್' ಎಂಬುದು ಭೂತಕಾಲ. ವರ್ತಮಾನವಾಗಿದ್ದರೆ 'ಕಟ್ಸ್' ಎಂದು ಎಸ್ ಬರುತ್ತಿತ್ತು.

ತೊಡಕು ಹೆಚ್ಚುವುದು ಕ್ರಿಯಾಪದ ಬೇರೆ ವೇಷ ಹಾಕಿದಾಗ. ಅದಕ್ಕೂ ಉದಾಹರಣೆ ರಸ್ತೆಯಲ್ಲೇ ಇದೆ. 'ನೋ ಪಾರ್ಕಿಂಗ್' ಫಲಕದ 'ಪಾರ್ಕಿಂಗ್' ನಾಮಪದ. 'ಹಿ ಈಸ್ ಪಾರ್ಕಿಂಗ್' ಎಂದರೆ ಕ್ರಿಯಾಪದ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಮನೆಗಳಲ್ಲಿ 'ಅಪ್ಪ ರಿಟೈರ್ ಆದ್ರು' ಎನ್ನುತ್ತಾರೆ, 'ರಿಟೈರ್ಡ್ ಫೋರ್‌ಮನ್' ಎಂದೂ ಹೇಳುತ್ತಾರೆ. ನಾವು ಇಂಗ್ಲಿಷ್ ಕ್ರಿಯೆಯನ್ನು ಬಹುಮಟ್ಟಿಗೆ ವಿ-1ರಲ್ಲೇ ತಂದು 'ಮಾಡು', 'ಆಗು' ಸೇರಿಸಿಕೊಳ್ಳುತ್ತೇವೆ. ವಿ-3 ನಮ್ಮ ಮಾತಿಗೆ ಬಂದದ್ದು ರಿಟೈರ್ಡ್, ಫಿಕ್ಸೆಡ್‌ಗಳಂತೆ ಹೆಚ್ಚಾಗಿ ವಿಶೇಷಣವಾಗಿ. ಅಂದರೆ ಎರಡೂ ರೂಪಗಳು ಮಗುವಿನ ಕಿವಿಗೆ ಆಗಲೇ ಬಿದ್ದಿವೆ.

ನಾಮಪದ, ಕ್ರಿಯಾಪದ, ವಿಶೇಷಣ ಎಂಬಂಥ ಎಂಟು ಪದವರ್ಗಗಳ ಪಟ್ಟಿ ಗ್ರೀಕ್, ಲ್ಯಾಟಿನ್ ವ್ಯಾಕರಣಗಳಿಂದ ಇಂಗ್ಲಿಷಿಗೆ ಇಳಿದುಬಂದದ್ದು. ಅದರ ವ್ಯಾಖ್ಯೆಗಳನ್ನು ಉರು ಹೊಡೆಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೈಸ್ ಜನರ ದೂರವಾಣಿ ಸಂಭಾಷಣೆಗಳನ್ನು ಆಧಾರವಾಗಿಟ್ಟುಕೊಂಡು 1952ರಲ್ಲಿ ಬರೆದ ಪುಸ್ತಕದಲ್ಲಿ ಅರ್ಥದ ಬದಲು ಸ್ಥಾನವನ್ನು ನೋಡಿದರು. ಒಂದು ಚೌಕಟ್ಟಿನ ಖಾಲಿ ಜಾಗದಲ್ಲಿ ಒಪ್ಪುವ ಪದಗಳೆಲ್ಲ ಒಂದೇ ವರ್ಗ. 'ದ ವಾಟರ್ ಈಸ್ ಕೋಲ್ಡ್' ಎಂಬಲ್ಲಿ ನಾಮಪದವಾದ 'ವಾಟರ್', 'ವಾಟರ್ ದ ಪ್ಲಾಂಟ್ಸ್' ಎಂದಾಗ ಕ್ರಿಯಾಪದ.

ಸ್ಥಾನ ನೋಡುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಆಡುಮಾತಿನಲ್ಲಿ 'ರವಿ ಪುಸ್ತಕ ಓದಿದ' ಎಂದರೆ ಪೂರ್ಣ ಕ್ರಿಯೆ, 'ರವಿ ಓದಿದ ಪುಸ್ತಕ' ಎಂದರೆ ಕೃದಂತ. ಪದ ಅದೇ. ಯಾವ ಮಗುವೂ ಇಲ್ಲಿ ತಡವರಿಸುವುದಿಲ್ಲ. 'ದ ಬಾಯ್ ಬ್ರೋಕ್ ದ ಗ್ಲಾಸ್', 'ಬ್ರೋಕನ್ ಗ್ಲಾಸ್' ಎಂಬ ಜೋಡಿಯಲ್ಲಿರುವುದೂ ಇದೇ ವ್ಯತ್ಯಾಸ. ಇಂಗ್ಲಿಷ್ ಇಲ್ಲಿ ಎರಡಕ್ಕೂ ಬೇರೆ ರೂಪ ಕೊಟ್ಟು ಇನ್ನಷ್ಟು ಸಲೀಸು ಮಾಡಿದೆ.

ಆದರೆ ಕನ್ನಡದ ಪೀರಿಯಡ್ಡಿನಲ್ಲಿ ಕೃದಂತ, ಭಾವನಾಮ ಕಲಿಸುತ್ತೇವೆ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಪಾರ್ಟಿಸಿಪಲ್, ಜೆರಂಡ್ ಎನ್ನುತ್ತೇವೆ. ಇವು ನೆಂಟರು ಎಂದು ಹೇಳುವವರು ವಿರಳ. 'ಓದಿದ' ಎಂಬುದರ ಪಕ್ಕ 'ಬ್ರೋಕನ್', 'ಈಜುವುದು' ಎಂಬುದರ ಪಕ್ಕ 'ಸ್ವಿಮ್ಮಿಂಗ್', 'ಮಾಡಲು' ಎಂಬುದರ ಪಕ್ಕ 'ಟು ಡು' ಬರೆದು ತೋರಿಸಬಹುದು. ಹೊಸ ಪುಸ್ತಕ ಬೇಕಿಲ್ಲ. ಕನ್ನಡದ ಮೇಷ್ಟ್ರು, ಇಂಗ್ಲಿಷ್ ಮೇಡಂ ವರ್ಷದ ಮೊದಲಲ್ಲೇ ಒಂದು ಸಂಜೆ ಕೂತು, ಎರಡೂ ಪಾಠ ಒಂದೇ ವಾರಕ್ಕೆ ಬರುವಂತೆ ಹೊಂದಿಸಿಕೊಂಡರೆ ಸಾಕು.