ಯಂತ್ರದ ಸನ್ನೆ

ಮನುಷ್ಯನು ಬಾಯಿಂದ ಮಾತ್ರ ಮಾತನಾಡುವುದಿಲ್ಲ. ಕಣ್ಣಿನಿಂದಲೂ ಕೈಯಿಂದಲೂ ಮಾತನಾಡುತ್ತಾನೆ. ಈ ಮಾತಿಲ್ಲದ ಮಾತಿಗೆ ಸನ್ನೆ ಎಂದು ಹೆಸರು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂತಹ ಊರಿನ ರಸ್ತೆಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಇದರ ಮಹತ್ವ ತಿಳಿಯುತ್ತದೆ. ಕುರಿಮಂದೆಯನ್ನು ದಾಟಿಸುವವನು ಕೈ ಎತ್ತುತ್ತಾನೆ. ಬಸ್ಸಿನ ಚಾಲಕನು ವೇಗ ತಗ್ಗಿಸುತ್ತಾನೆ. ಹುಲ್ಲಿನ ಹೊರೆ ಹೊತ್ತ ಹೆಂಗಸು ಚಾಲಕನ ಮುಖ ನೋಡುತ್ತಾಳೆ. ಅವನು ತಲೆಯಾಡಿಸಿದರೆ ದಾಟುತ್ತಾಳೆ. “ನಿನ್ನನ್ನು ಕಂಡಿದ್ದೇನೆ, ಹೋಗು” ಎಂಬ ಇಡೀ ವಾಕ್ಯವೇ ಆ ತಲೆಯಾಟದಲ್ಲಿ ಅಡಗಿದೆ.

ಚಾಲಕನ ಪೀಠವೇ ಬರಿದಾದರೆ ಈ ಸನ್ನೆ ಯಾರದು? ತನ್ನಷ್ಟಕ್ಕೆ ತಾನೇ ಚಲಿಸುವ ಕಾರುಗಳು ಅಮೆರಿಕದ ಕೆಲವು ನಗರಗಳಲ್ಲಿ ಈಗ ಪ್ರಯಾಣಿಕರನ್ನು ಸಾಗಿಸುತ್ತಿವೆ. ನಮ್ಮ ನಾಡೂ ಈ ವಿದ್ಯೆಯಿಂದ ದೂರ ಉಳಿದಿಲ್ಲ. ಬೆಂಗಳೂರಿನ ಮೈನಸ್ ಝೀರೋ ಎಂಬ ಸಂಸ್ಥೆಯು 2023ರ ಜೂನ್ ತಿಂಗಳಲ್ಲಿ ಸ್ಟಿಯರಿಂಗ್ ಚಕ್ರವಿಲ್ಲದ ಝೀಪಾಡ್ ಎಂಬ ಪ್ರಾಯೋಗಿಕ ವಾಹನವನ್ನು ಪ್ರದರ್ಶಿಸಿತು. ಅದು ಕ್ಯಾಮೆರಾಗಳ ಮೂಲಕ ದಾರಿಯನ್ನು ಕಾಣುತ್ತದೆ. ಆದರೆ ಯಂತ್ರವು ಮನುಷ್ಯನನ್ನು ಕಂಡರಷ್ಟೇ ಸಾಲದು. ತಾನು ಕಂಡಿದ್ದೇನೆ ಎಂಬುದು ಮನುಷ್ಯನಿಗೂ ತಿಳಿಯಬೇಕು.

ಹೊಸ ವಾಹನವನ್ನು ಜನರಿಗೆ ಪರಿಚಯಿಸುವ ಈ ಚಿಂತೆ ಹಳೆಯದೇ. 1865ರಲ್ಲಿ ಬ್ರಿಟನ್ನಿನ ಕಾನೂನೊಂದು, ರಸ್ತೆಯಲ್ಲಿ ಓಡುವ ಯಂತ್ರಗಾಡಿಯ ಮುಂದೆ ಸುಮಾರು 55 ಮೀಟರ್ ದೂರದಲ್ಲಿ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ವಿಧಿಸಿತ್ತು. ಇಂದಿನ ಎಂಜಿನಿಯರುಗಳು ಅಂತಹ ಬಾವುಟವನ್ನು ಬೆಳಕು, ಧ್ವನಿ ಮತ್ತು ನೋಟಗಳಲ್ಲಿ ಹುಡುಕುತ್ತಿದ್ದಾರೆ.

ಮೊದಲನೆಯದು ಬೆಳಕು. ಕೆಂಪು, ಹಳದಿ, ಹಸಿರು ಬಣ್ಣಗಳಿಗೆ ರಸ್ತೆಯಲ್ಲಿ ಆಗಲೇ ನಿಶ್ಚಿತವಾದ ಅರ್ಥಗಳಿವೆ. ಆದುದರಿಂದ ಹಸಿರು ಬೆರೆತ ನೀಲಿ ಬಣ್ಣವನ್ನು ಆರಿಸಿಕೊಳ್ಳಲಾಯಿತು. ವಾಹನವು ತಾನಾಗಿ ಚಲಿಸುತ್ತಿದೆ ಎಂದು ಸೂಚಿಸುವ ಈ ದೀಪಗಳಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆಯು 2023ರಲ್ಲಿ ಅನುಮತಿ ಪಡೆಯಿತು.

ಎರಡನೆಯದು ಧ್ವನಿ. ವಿದ್ಯುತ್ ವಾಹನಗಳು ಮೆಲ್ಲನೆ ಸಾಗುವಾಗ ಸದ್ದು ಬಹಳ ಕಡಿಮೆ. ಕಿವಿಯನ್ನೇ ಕಣ್ಣಾಗಿಸಿಕೊಂಡ ಅಂಧರಿಗೆ ಇದು ಅಪಾಯಕಾರಿ. ಆದ್ದರಿಂದ ಐರೋಪ್ಯ ಒಕ್ಕೂಟವು 2021ರ ಜುಲೈಯಿಂದ ಎಲ್ಲ ಹೊಸ ವಿದ್ಯುತ್ ಕಾರುಗಳೂ ಕಡಿಮೆ ವೇಗದಲ್ಲಿ ಕೃತಕ ಸದ್ದು ಮಾಡಬೇಕೆಂದು ಕಡ್ಡಾಯಗೊಳಿಸಿದೆ. ಇದೇ ವರ್ಷದ ಆಗಸ್ಟಿನಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ ಕ್ರೀಡಾಗ್ರಾಮದಲ್ಲಿ ಒಂದು ಸ್ವಯಂಚಾಲಿತ ಬಸ್ಸು ದೃಷ್ಟಿದೋಷವುಳ್ಳ ಕ್ರೀಡಾಪಟುವಿಗೆ ತಾಗಿತು. ಸಂಚಾರವನ್ನು ಕೆಲದಿನ ನಿಲ್ಲಿಸಿ, ಬಸ್ಸಿನ ಎಚ್ಚರಿಕೆಯ ಸದ್ದನ್ನು ಹೆಚ್ಚಿಸಿ, ಮೇಲ್ವಿಚಾರಕರನ್ನೂ ಹೆಚ್ಚಿಸಿದ ಮೇಲೆ ಮತ್ತೆ ಆರಂಭಿಸಲಾಯಿತು.

ಮೂರನೆಯದು ನೋಟ. ಟೋಕಿಯೋ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಪುಟ್ಟ ಗಾಡಿಗೆ ಎರಡು ದೊಡ್ಡ ಕಣ್ಣುಗಳನ್ನು ಅಳವಡಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದೃಶ್ಯವನ್ನು 18 ಜನರಿಗೆ ತೋರಿಸಿ, ರಸ್ತೆ ದಾಟುವಿರಾ ಎಂದು ಕೇಳಲಾಯಿತು. ಗಾಡಿಯ ಕಣ್ಣು ತಮ್ಮ ಕಡೆ ತಿರುಗಿದೆಯೆ ಎಂಬುದನ್ನು ನೋಡಿ ನಿರ್ಧರಿಸಿದಾಗ ಅವರ ತಪ್ಪುಗಳು ಕಡಿಮೆಯಾದವು.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಹನವು “ನೀವು ದಾಟಿರಿ” ಎಂದು ಅಪ್ಪಣೆ ಕೊಡಬಹುದೆ? ಅದನ್ನು ನಂಬಿ ಹೆಜ್ಜೆಯಿಟ್ಟವನಿಗೆ ಪಕ್ಕದಿಂದ ಬರುವ ಮತ್ತೊಂದು ವಾಹನ ಬಡಿದೀತು. ಅಲ್ಲದೆ ರಸ್ತೆಬದಿಯಲ್ಲಿ ಹತ್ತು ಜನರಿದ್ದರೆ ಆ ಮಾತು ಯಾರಿಗೆ? ಆದ್ದರಿಂದ ಯಂತ್ರವು “ನಾನು ನಿಲ್ಲುತ್ತಿದ್ದೇನೆ” ಎಂದು ತನ್ನ ಉದ್ದೇಶವನ್ನಷ್ಟೇ ತಿಳಿಸುವುದು ಲೇಸು. ದೂರದಿಂದಲೇ ಸಾವಕಾಶವಾಗಿ ವೇಗ ತಗ್ಗಿಸುವುದೇ ಎಲ್ಲರಿಗೂ ಅರ್ಥವಾಗುವ ಸನ್ನೆ.

ಕಾಲುದಾರಿಯ ಯಂತ್ರಗಳಿಗೂ ಈ ವಿವೇಕ ಬೇಕು. 2019ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಆಹಾರ ಸಾಗಿಸುವ ರೋಬಾಟೊಂದು ಕಾಲುದಾರಿಯ ಇಳಿಜಾರಿಗೆ ಅಡ್ಡವಾಗಿ ನಿಂತಿತು. ಗಾಲಿಕುರ್ಚಿಯಲ್ಲಿ ರಸ್ತೆ ದಾಟುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕಾಲುದಾರಿಗೆ ಏರಲಾಗದೆ ವಾಹನಗಳ ದಾರಿಯಲ್ಲಿ ಸಿಲುಕಿದಳು. ದಾರಿ ಬಿಡುವುದೂ ಒಂದು ಭಾಷೆಯೇ. ಅದನ್ನು ಆ ಯಂತ್ರ ಕಲಿತಿರಲಿಲ್ಲ.

ನಮ್ಮಲ್ಲಿಯೂ ರೋಬಾಟುಗಳು ಜನರೆದುರು ನಿಂತಿವೆ. ಬೆಂಗಳೂರಿನಲ್ಲಿ ತಯಾರಾದ ‘ಮಿತ್ರ’ ಎಂಬ ರೋಬಾಟು 2017ರಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಗಣ್ಯರನ್ನು ಸ್ವಾಗತಿಸಿತು. ಸಭಾಂಗಣದ ನಯವಾದ ನೆಲ ಬೇರೆ, ನಮ್ಮ ರಸ್ತೆ ಬೇರೆ. ಇಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರು, ಶಾಲೆಯ ಮಕ್ಕಳು, ಒಣಗಲು ಹರಡಿದ ಮೆಕ್ಕೆಜೋಳ ಎಲ್ಲವೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಇಂಗ್ಲಿಷಿನ ಫಲಕವನ್ನು ತೋರಿಸುವ ವಾಹನವು ಓದಲಾರದವರ ಪಾಲಿಗೆ ಮೂಕವೇ ಸರಿ.

ಯಂತ್ರದ ಭಾಷೆಯನ್ನು ಜನರೆಲ್ಲ ಕಲಿಯಲಿ ಎಂದು ನಿರೀಕ್ಷಿಸುವುದು ಸುಲಭ. ಜನರ ಭಾಷೆಯನ್ನು ಯಂತ್ರಕ್ಕೆ ಕಲಿಸುವುದು ಕಷ್ಟ. ಆದರೆ ರಸ್ತೆ ಮೊದಲು ನಡೆಯುವವರದು. ಅಂಧನೂ ವೃದ್ಧೆಯೂ ಅಕ್ಷರವರಿಯದ ಕೂಲಿಕಾರನೂ ಪುಟ್ಟ ಬಾಲಕನೂ ನಿರ್ಭಯವಾಗಿ ದಾಟುವಂತಾದರೆ ಮಾತ್ರ ಆ ಯಂತ್ರವು ಸನ್ನೆ ಕಲಿತಿದೆ ಎನ್ನಬಹುದು.