ಸುಗ್ಗಿಯ ಹಾಡು ಮತ್ತು ಚಿತ್ರಫಲಕ

ಹಬ್ಬದ ಕಾಲದಲ್ಲಿ ಪ್ರಾಚೀನ ಕವಿತೆಯನ್ನು ಚಿತ್ರದೊಡನೆ ಹಾಳೆಯ ಮೇಲೆ ಬರೆದು ಪ್ರದರ್ಶಿಸುವ ರೂಢಿಯು ಚೀನದ ಶಾಲೆಗಳಲ್ಲಿ ಉಂಟು. ಅಲ್ಲಿಯ ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯ ಸುಗ್ಗಿಹಬ್ಬಕ್ಕೆ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಸು ಷಿ ಕವಿಯು 1076ರಲ್ಲಿ ದೂರದ ತಮ್ಮನನ್ನು ನೆನೆದು ರಚಿಸಿದ ಚಂದ್ರಗೀತವನ್ನು. ಅದರ ಕರ್ತೃ, ಕಾಲ, ಪಾಠಗಳು ಗೊತ್ತಾದುವು. ಬರೆದಿಟ್ಟರೆ ಕವಿತೆಗೆ ಹಾನಿಯಿಲ್ಲ.

ಕಾರವಾರ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರ ಹಾಡುಗಳಿಗೆ ಇಂಥ ಫಲಕಗಳನ್ನು ರಚಿಸಬಯಸುವವರು ಒಂದು ಭೇದವನ್ನು ಗಮನಿಸಬೇಕು. ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯವರೆಗೆ, ಮನೆಯಂಗಳಗಳಲ್ಲಿ ಕುಣಿಯುವ ಸುಗ್ಗಿಯ ಮೇಳದಲ್ಲಿ ಚಿತ್ರವಿರುವುದು ಬೆಂಡಿನ ಹೂಗಳ ತುರಾಯಿಯಲ್ಲಿ, ಕಾವ್ಯವಿರುವುದು ಕಂಠದಲ್ಲಿ. ಹಾಡುವವರು ಬೇರೆಯಾದರೆ ಸಾಲುಗಳೂ ಬೇರೆಯಾಗಬಲ್ಲವು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಪಾರ ಹಾಡುಗಳನ್ನು ನೆನಪಿನಲ್ಲಿಯೇ ಕಾಪಾಡಿ 2017ರಲ್ಲಿ ಪದ್ಮಶ್ರೀ ಪಡೆದರು. 2025ರಲ್ಲಿ ಅವರು ತೀರಿಕೊಂಡರು. ಇಂಥವರ ತರುವಾಯ ಬರವಣಿಗೆಯು ಅನಿವಾರ್ಯವೆಂಬುದು ಸ್ಪಷ್ಟ.

ಆದರೆ ಒಂದೇ ಪಾಠವನ್ನು ಅಂದವಾಗಿ ಬರೆದು ತೂಗಿಸಿದರೆ ಉಳಿದವು ತಪ್ಪೆಂಬ ಭ್ರಮೆ ಹುಟ್ಟೀತು. ಆದುದರಿಂದ ಪ್ರತಿಯೊಂದು ಫಲಕದಲ್ಲಿಯೂ ಹಾಡಿದವರ ಹೆಸರನ್ನು ಅವರ ಒಪ್ಪಿಗೆಯಿಂದ, ಊರು ಮತ್ತು ದಿನಗಳೊಡನೆ ಕಾಣಿಸಬೇಕು. ಪಾಠಾಂತರಗಳನ್ನು ಪಕ್ಕದಲ್ಲಿಯೇ ಕೊಡಬೇಕು. ಆಗ ಫಲಕವು ಅಲಂಕಾರ ಮಾತ್ರವಾಗದೆ, ಚರಿತ್ರೆಯ ಆಧಾರವೂ ಆಗುವುದೆಂದು ನಾವು ಭಾವಿಸುತ್ತೇವೆ.