ನಿಮಗಿದು ಗೊತ್ತೆ? ಪಕ್ಕದಿಂದ ಅಂಟುವ ಬ್ಯಾಕ್ಟೀರಿಯಾ ವಿಷ
ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಎಲ್ಲೇ ಆಗಲಿ, ಕುದುರೆ ಸಾಕುವವರು ಬಲು ಹೆದರುವ ಅಂಟುರೋಗ ಸ್ಟ್ರ್ಯಾಂಗಲ್ಸ್. ಜ್ವರ ಏರಿ, ದವಡೆಯ ಕೆಳಗಿನ ಗ್ರಂಥಿಗಳು ಊದಿ ಕೀವು ತುಂಬುತ್ತವೆ. ಇದನ್ನು ತರುವ ಸ್ಟ್ರೆಪ್ಟೊಕಾಕಸ್ ಈಕ್ವಿ ಬ್ಯಾಕ್ಟೀರಿಯಾದಲ್ಲಿ ‘ಸೂಪರ್‌ಆ್ಯಂಟಿಜೆನ್’ ಎಂಬ ನಾಲ್ಕು ವಿಷಗಳ ಜೀನ್‌ಗಳಿವೆ.

ಈ ಸೂಪರ್‌ಆ್ಯಂಟಿಜೆನ್‌ಗಳ ಕೆಲಸ ನಿಜಕ್ಕೂ ಸೋಜಿಗದ್ದು. ರಕ್ಷಣಾ ಪಡೆಯ ಟಿ-ಕೋಶದ ಮೇಲಿನ ಗ್ರಾಹಕ ಬೀಗವಿದ್ದಂತೆ, ತನ್ನ ಕೀಲಿಗಷ್ಟೇ ತೆರೆಯುತ್ತದೆ. ಹಾಗಾಗಿ ರೋಗಾಣುವಿನ ಒಂದು ತುಣುಕಿಗೆ ಸ್ಪಂದಿಸುವುದು ಸಾಮಾನ್ಯವಾಗಿ 10,000 ಕೋಶಗಳಲ್ಲಿ ಒಂದಕ್ಕಿಂತ ಕಡಿಮೆ. ಸೂಪರ್‌ಆ್ಯಂಟಿಜೆನ್ ಕೀಲಿಕಂಡಿಗೆ ಹೋಗುವುದೇ ಇಲ್ಲ. ಹೆಚ್ಚಾಗಿ ಗ್ರಾಹಕದ ಪಕ್ಕದ ‘ವಿ-ಬೀಟಾ’ ಭಾಗಕ್ಕೆ ಅಂಟಿ, ಶೇ. 20ರಷ್ಟು ಕೋಶಗಳನ್ನು ಒಮ್ಮೆಲೇ ಕೆರಳಿಸಬಲ್ಲದು!

ಯಾವ ಕೋಶ ಕೆರಳಬೇಕೆಂಬುದು ಅದರ ವಿ-ಬೀಟಾ ಬಗೆಯ ಮೇಲೆ ನಿಂತಿದೆ. ಮನುಷ್ಯರಲ್ಲಿ ಟಾಕ್ಸಿಕ್ ಶಾಕ್ ಎಂಬ ಕಾಯಿಲೆ ತರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷ ಮುಖ್ಯವಾಗಿ ಹಿಡಿಯುವುದು ವಿ-ಬೀಟಾ 2 ಇರುವ ಕೋಶಗಳನ್ನು. ‘ಸೂಪರ್‌ಆ್ಯಂಟಿಜೆನ್’ ಎಂಬ ಹೆಸರು ಬಳಕೆಗೆ ಬಂದದ್ದು 1989ರಲ್ಲಿ, ಅಮೆರಿಕದ ಫಿಲಿಪ್ಪಾ ಮ್ಯಾರಕ್ ಮತ್ತು ಜಾನ್ ಕ್ಯಾಪ್ಲರ್ ತಂಡದಿಂದ.

ತುಮಕೂರು, ಗುಬ್ಬಿಯ ಮದುವೆ ಮನೆಗಳ ಅಡುಗೆಯವರೂ ಇಂಥ ವಿಷದ ಬಗ್ಗೆ ತಿಳಿದಿರಬೇಕು. ಗಾಯದ ಕೈ ತಾಕಿ, ಬಿಸಿಲಲ್ಲಿ ಗಂಟೆಗಟ್ಟಲೆ ಉಳಿದ ಹಾಲಿನ ಸಿಹಿಯಲ್ಲಿ ಸ್ಟ್ಯಾಫಿಲೊಕಾಕಸ್ ಬೆಳೆದರೆ, ಮತ್ತೆ ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ಸೂಪರ್‌ಆ್ಯಂಟಿಜೆನ್ ವಿಷ ಉಳಿಯುತ್ತದೆ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರು.